ಕಿವಿಯ ಹತ್ತಿರ ಹಿಡಿದು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಮೂವತ್ತು ವರ್ಷ ನನ್ನ ಬಲಗೈ ವ್ಯಾಪಾರ ಮಾಡಿದೆ,
ನಾನಲ್ಲ.
ಮೊಣಕೈವರೆಗೆ ಗೂಡೊಳಗೆ ಇಳಿದು
ತೇವವನ್ನು ಅದೇ ತೂಗಿತು, ಜಿಲ್ಲಿಯನ್ನು ಅದೇ ಹೆಕ್ಕಿತು.
ರೇಟು ನಾಲಿಗೆಗೆ ಬರುವ ಮೊದಲೇ
ಹೊಟ್ಟೆಯಲ್ಲೊಂದು ಹಗ್ಗ ಬಿಗಿಯುವುದು, ಇಲ್ಲ ಸಡಿಲುವುದು.
ಒಂದು ಗೂಡು ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ
ಒಳಗಿನ ಹುಳು ಬದುಕಿದೆಯೋ ಕರಗಿದೆಯೋ
ಹೇಳುತ್ತಿದ್ದೆ. ಜನ ನನ್ನನ್ನು
ಕಿವಿ ಸನಾವುಲ್ಲಾ ಅಂತಲೇ ಕರೆದರು.

ಹೋದ ಡಿಸೆಂಬರಿನ ಒಂದು ಸೋಮವಾರ
ಒಳ್ಳೆಯ ಗೂಡಿನ ಮುಂದೆ ನಿಂತಾಗಲೇ
ಎದೆ ಬಡಿಯತೊಡಗಿತು, ಯಾರೋ ಶಟರ್ ಬಡಿದ ಹಾಗೆ,
ಒಳಗಿನಿಂದ.
ಲಾಟು ಬಿಟ್ಟೆ. ಮರುದಿನವೂ ಬಿಟ್ಟೆ.
ಬೇಸಿನ್ನಿನ ಕೆಳಗೆ ಬೆಂಕಿ ಆರಿತು,
ನೂಲು ತೆಗೆಯುವ ಆರು ಹೆಂಗಸರು ಬೇರೆ ಕಡೆ ಕೆಲಸ ಹುಡುಕಿದರು.
ಏನೋ ಕೆಟ್ಟದ್ದಾಗುತ್ತೆ ಅಂತ ಮೈ ಹೇಳುತ್ತಿದೆ,
ನನ್ನ ಮೈ ಯಾವತ್ತು ಸುಳ್ಳು ಹೇಳಿದೆ?

ಇಸಿಜಿಯಲ್ಲಿ ತಪ್ಪೇನೂ ಇಲ್ಲ. ಎರಡು ಸಲ ತೆಗೆಸಿದೆ.
ಚಿಕ್ಕಬಳ್ಳಾಪುರದ ಮನಸ್ಸಿನ ಡಾಕ್ಟರಮ್ಮ
ಬೆರಳಿಗೊಂದು ಕ್ಲಿಪ್ಪು ಸಿಕ್ಕಿಸಿ
'ನಾಡಿ ಮುಟ್ಟದೆ ಎದೆಬಡಿತ ಎಣಿಸಿ' ಅಂದರು. ಅರ್ಧ ನಿಮಿಷ.
ಅರವತ್ತೊಂದು, ಅಂದೆ.
ಮಿಷೀನು ಮೂವತ್ತೆಂಟು ಅಂದಿತು.

ಆಚೆ ಬಂದು, ಹುಣಸೆಮರದ ಕೆಳಗೆ, ನಗು ಬಂತು.
ಊರವರ ಗೂಡನ್ನೆಲ್ಲ ಆಲಿಸಿದ ಕಿವಿ
ಮನೆಯ ಹುಳುವಿನ ಸದ್ದಿಗೆ ಇಷ್ಟು ದಡ್ಡೇ!

ಮಾತ್ರೆಗೆ ಬಾಯಿ ಒಣಗಿತು. ಆಮೇಲೆ ಎರಡು ತಿಂಗಳು
ಎದೆಯಲ್ಲಿ ಸದ್ದೇ ಇಲ್ಲ, ಅದೂ ಒಂದು ಹೆದರಿಕೆ:
ಬಿಸಿನೀರಲ್ಲಿ ಬೆಂದು ಬೆಂದು ದಪ್ಪಗಾದ
ನಮ್ಮ ಕಸುಬಿನವರ ಬೆರಳ ತುದಿಯ ಹಾಗೆ ಇಡೀ ನಾನು.
ಸಾರು ಉಪ್ಪಾಗಿದೆ ಎಂದು ಜೈತೂನ್ ಹೇಳಿದ ಮೇಲೆಯೇ
ನನಗೆ ಉಪ್ಪಾಗುತ್ತಿತ್ತು.

ಇವತ್ತು ಹೋದೆ. ಕೈ ಇಳಿಸಿದೆ. ಮತ್ತೆ ಅದೇ ಹಗ್ಗ.
ಓಡಲಿಲ್ಲ. ಗೂಡಿನ ಬದಲು ನನ್ನನ್ನೇ
ಹಿಡಿದು ಅಲ್ಲಾಡಿಸಿ ಕೇಳಿದೆ: ಹೆದರಿಕೆಯೋ, ಆಸೆಯೋ?
ಗೂಡು ತಂದಿದ್ದ ದ್ಯಾವಪ್ಪನವರ ಮಗಳು ನನ್ನ ಮುಖ ನೋಡಿ
'ಬೆಳಗ್ಗೆ ಏನು ತಿಂದ್ರಿ ಸಾಬ್ರೇ?' ಅಂದಳು.
ಏನೂ ಇಲ್ಲ.

ಒಂದು ಬನ್ನು, ಅರ್ಧ ಟೀ.
ಹಗ್ಗವೂ ಅರ್ಧ ಸಡಿಲವಾಯಿತು.
ಉಳಿದರ್ಧ ಯಾತರದೋ, ನನಗಿನ್ನೂ ಗೊತ್ತಿಲ್ಲ.
ಅದನ್ನೂ ಲೆಕ್ಕಕ್ಕೆ ಹಿಡಿದು
ಐದು ರೂಪಾಯಿ ಕಮ್ಮಿ ಒತ್ತಿದೆ ಮೊಬೈಲಿನಲ್ಲಿ.
ಹರಾಜು ಮುಗಿಯಲು ನಾಲ್ಕು ನಿಮಿಷ.
ಕಂಬಕ್ಕೆ ಒರಗಿ ಎಣಿಸುತ್ತಿದ್ದೇನೆ
ನಾಡಿ ಮುಟ್ಟದೆ.