ನೆಗ್ಗು

ದೊಡ್ಡದು ಇಳಿಯುವುದಿಲ್ಲ.
ಅದಕ್ಕೆ ಕಾಲಿಲ್ಲ, ನೆಲ ತಾಳುವ ಹೊಟ್ಟೆಯಿಲ್ಲ.
ಮೇಲೆಯೇ ಹುಟ್ಟಿದ್ದು, ಮೇಲೆಯೇ ಸುತ್ತುತ್ತದೆ,
ಸಂಜೆ ಆರೂ ಮುಕ್ಕಾಲಿಗೆ ಗಾಜನೂರಿನ ಮೇಲೆ
ಯಾರೋ ಸುಣ್ಣದ ಬೆರಳು ಒರೆಸಿದ ಹಾಗೆ
ಒಂದು ಗೆರೆ.

ಇಳಿಯುವವು ಇವು, ಅದರ ಬಸಿರಲ್ಲಿ
ಸಾಲಾಗಿ ಮಲಗುವ ಆರು.
ಕಾಗದದ ಮೇಲೆ ಉಪನೌಕೆ.
ಆಟೋ ಕಾಂಪ್ಲೆಕ್ಸಿನ ನಮ್ಮ ಶೆಡ್ಡಿನಲ್ಲಿ ತೆಪ್ಪ.
‘ಮೂರನೇ ತೆಪ್ಪದ ಬೇರಿಂಗು ಬಂತನಾ?’
‘ಐದನೆಯದು ಎಣ್ಣೆ ಕುಡೀತಾ ಉಂಟು, ನೋಡೇ ಗ್ಲಾಡಿಸ್.’

ನೋಡುತ್ತೇನೆ. ಇಪ್ಪತ್ತೆರಡು ವರ್ಷ ನೋಡಿದ್ದೇನೆ.
ಮೊದಲು ಟ್ರ್ಯಾಕ್ಟರು, ಆಮೇಲೆ ಭತ್ತ ಕೊಯ್ಯುವ ಯಂತ್ರ,
ಆಮೇಲೆ ಇವು.
ತಾನು ಎಲ್ಲಿಗೆ ಹೋಗುತ್ತೇನೆಂದು ಬೋಲ್ಟು ಕೇಳುವುದಿಲ್ಲ,
ಬಿಗಿ ಎಷ್ಟು, ಅಷ್ಟೇ.

ಹೊರಡುವ ಮುನ್ನ ದೊಡ್ಡದಕ್ಕೆ ನೀರು ತುಂಬಬೇಕು,
ಒಂಬತ್ತು ಸಾವಿರ ಕೊಡ.
ಲೆಕ್ಕ ಇದ್ದದ್ದು ಲೀಟರಿನಲ್ಲಿ; ಕೊಡ ಮಾಡಿದವನು ಹುಚ್ಚರಾಯ,
ನಾಲ್ಕನೆಯದರ ಪೈಲಟ್, ಶಿಕಾರಿಪುರದವನು.
‘ಗಂಗಾ ಸ್ನಾನ, ತುಂಗಾ ಪಾನ ಅನ್ನೋದು
ಅಷ್ಟು ಎತ್ತರಕ್ಕೂ ಕೇಳಿಸಿದೆ ನೋಡು’ ಅಂದ.
ಟೆಂಡರಿನಲ್ಲಿ ತುಂಗೆ ಅಗ್ಗವಾಗಿತ್ತು,
ಅವನಿಗೂ ಗೊತ್ತು.

ಸಕ್ರೆಬೈಲಿನ ಹಿನ್ನೀರು, ಬೆಳಿಗ್ಗೆ ಎಂಟೂವರೆ.
ಅದು ಆನೆಗಳ ಮೀಯುವ ಹೊತ್ತೆಂದು
ಮೇಲಿನವರಿಗೆ ಯಾರೂ ಹೇಳಿರಲಿಲ್ಲ.
ಕಾದ ಕಾವಲಿಗೆ ನೀರು ಚಿಮುಕಿಸಿದಂತೆ ಚುಂಯ್ ಎಂದು
ನಾಲ್ಕನೆಯದು ಕೂತಿತು,
ಕೂತದ್ದು ಕೆಸರಲ್ಲಿ, ಮೂತಿ ಮಾತ್ರ ಹೊರಗೆ,
ನೀರೆಳೆವ ಕೊಳವೆ ಅತ್ತಿಂದಿತ್ತ ತಡಕಾಡುತ್ತ.

ಉಳಿದ ಆನೆಗಳು ಸರಪಳಿ ಎಳೆದುಕೊಂಡು ದಡ ಹತ್ತಿದವು.
ಮಾಳವ್ವ ಹತ್ತಲಿಲ್ಲ.
ಅರವತ್ತೊಂದು ವರ್ಷ, ಒಂದು ಕಣ್ಣಿಗೆ ಪೊರೆ.
ಖಲಂದರ್ ‘ಪೀಚೆ, ಪೀಚೆ’ ಎಂದು ಗಂಟಲು ಹರಿದುಕೊಂಡರೂ
ನಿಧಾನ ಬಂದಳು, ಕೊಳವೆಯನ್ನು ಮೂಸಿದಳು,
ಸೊಂಡಿಲಿನಿಂದ ಮೂತಿಯ ಸುತ್ತಳತೆ ತೆಗೆದಳು,
ಆಮೇಲೆ ಹಣೆ ಕೊಟ್ಟು
ನೂಕಿದಳು.

ಸಿಟ್ಟಲ್ಲ.
ಸಿಟ್ಟಿನ ಗುದ್ದು ಬೇರೆ ಎಂದು ಖಲಂದರ್ ಆಮೇಲೆ ವಿವರಿಸಿದ,
ಬೀಡಿ ಹಚ್ಚಲಾಗದೆ ನಡುಗುವ ಕೈಯಲ್ಲಿ.
‘ಹುಗಿದುಕೊಂಡ ಮರಿ ಅಂದ್ಕೊಂಡ್ಳು ಸಾರ್.
ಎರಡು ಸಾಕಿದಾಳೆ. ಒಂದು ಇಲ್ಲೇ ಹೋಯ್ತು.’
ಒಳಗೆ ಹುಚ್ಚರಾಯ ಸನ್ನೆಗೋಲಿನಿಂದ ಕೈ ತೆಗೆದು ಕೂತಿದ್ದನಂತೆ,
ದಡ ತಾನಾಗಿ ಹತ್ತಿರ ಬರುವುದನ್ನು ನೋಡುತ್ತ.

ಲಾರಿಗೆ ಹಗ್ಗ ಕಟ್ಟಿ ಶೆಡ್ಡಿಗೆ ತಂದರು.
ಗೋಪಿ ಸರ್ಕಲ್ಲಿನಲ್ಲಿ ಟ್ರಾಫಿಕ್ಕಿನವನು ಬಿಲ್ಲು ಕೇಳಿದ.
ಮೊರದಗಲ ನೆಗ್ಗು, ಎರಡು ಬೆರಳು ಆಳ.
ಮೇಲಿನಿಂದ ಬರೆದರು: ಸರಿಪಡಿಸಿ.

ಬಿಸಿಯ ದೀಪ ಹಚ್ಚಿದೆ, ಮರದ ಸುತ್ತಿಗೆ ಎತ್ತಿಕೊಂಡೆ,
ಅಂಗೈ ಇಟ್ಟು ನೋಡಿದೆ.
ಕೆಸರು ಒಣಗಿತ್ತು. ಕೆಸರಲ್ಲಿ ಒಂದು ಕೂದಲು,
ತಂತಿಯಷ್ಟು ಬಿರುಸು.
ಗೇಜು ಹಿಡಿದು ಮೂರು ಸಲ ಅಳೆದೆ:
ತಗಡು ತೆಳುವಾಗಿಲ್ಲ, ಬಿರುಕಿಲ್ಲ.
ದೀಪ ಆರಿಸಿದೆ.

ಫಾರಮ್ಮಿನಲ್ಲಿ ಕಾರಣದ ಕಾಲಂ:
ಕಲ್ಲು, ಧೂಳು, ಚಾಲಕನ ತಪ್ಪು, ಇತರೆ.
ಇತರೆಯ ಮುಂದೆ ‘ನೂಕಲಾಗಿದೆ’ ಎಂದು ಬರೆದೆ.
ದುರಸ್ತಿ: ಅಗತ್ಯವಿಲ್ಲ.
ಸೂಪರ್‌ವೈಸರ್ ದಾವಲ್‌ಸಾಬರು ಓದಿದರು, ಕನ್ನಡಕ ತೆಗೆದರು,
ಮತ್ತೆ ಹಾಕಿಕೊಂಡು ಸಹಿ ಮಾಡಿದರು.

ಈಗ ಆರೂ ಮುಕ್ಕಾಲಿಗೆ ಗೆರೆಯಿಲ್ಲ.
ತುಂಗೆಯನ್ನು ಕುಡಿದುಕೊಂಡು ಹೋಗಿದೆ,
ಹೋದಲ್ಲೂ ಅದು ಇಳಿಯಲಾರದು;
ಯಾವುದೋ ಕೆಸರಿಗೆ ಮೊದಲು ಮೂತಿ ಹಚ್ಚುವುದು
ನಾಲ್ಕನೆಯದೇ ಇರಬಹುದು. ಐದನೆಯದೂ ಇರಬಹುದು,
ಎಣ್ಣೆ ಕುಡಿಯುವುದು ನಿಲ್ಲಿಸಿದ್ದರೆ.

ಕೂದಲನ್ನು ನಾನು ಇಟ್ಟುಕೊಳ್ಳಲಿಲ್ಲ.
ಮೂತಿಯ ಎಡಗಡೆ, ಮೇಲಿನಿಂದ ಮೂರನೇ ಬೋಲ್ಟು,
ವಾಷರಿನ ಅಡಿಯಲ್ಲಿ
ಒಂದು ಸುತ್ತು ಸುತ್ತಿ
ಬಿಗಿದಿದ್ದೇನೆ.