ಬೋರಲು ಮಲಗಿಸಿದ ಬಿಳಿ

ಮೊದಲು ನನ್ನ ಅಂಗಿಗೇ ಬೂದು ಬಟ್ಟೆ ಹೊದಿಸಿದ ಅರ್ಶಾಕ್.
ಎದೆಯ ಮೇಲೆ ನಿನ್ನೆಯ ಇಟ್ಟಿಗೆಗೆಂಪು ಒಣಗಿತ್ತು,
ಅದು ಹಾರಿಹೋಗಿ ಹರಳಿನೊಳಗೆ ಕೂತು
ಸುಳ್ಳು ಹೇಳುತ್ತದಂತೆ.
ಕ್ಷೌರಕ್ಕೆ ಬಂದವನ ಹಾಗೆ ಕೂತೆ,
ಆಂಟ್‌ವರ್ಪಿನ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ,
ಮೂರನೆಯ ಮಹಡಿ, ಬಡಗಣ ಕಿಟಕಿ,
ಹತ್ತೂವರೆ ಗಂಟೆ, ಮೋಡ.
ಬಿಸಿಲು ಬಿದ್ದರೆ ಇವತ್ತಿಗೆ ಸಾಕು, ನಾಳೆ ಬಾ, ಎಂದ.

ಬಿಳಿ ಕಾಗದ ಮಡಿಸಿ, ಮಡಿಕೆಯ ಕಣಿವೆಯಲ್ಲಿ
ಚಿಮಟದಿಂದ ಒಂದೊಂದಾಗಿ ಇಟ್ಟ, ಬೋರಲು:
ಡಿ, ಎಫ್, ಎಚ್, ಜೆ, ಎಂ.
ಎ ಬಿ ಸಿ ಎಲ್ಲಿ, ಕೇಳಿದೆ.
ಹಿಂದಿನವರು ಆ ಅಕ್ಷರಗಳನ್ನು
ಕಂಡಕಂಡ ಕಲ್ಲಿಗೆಲ್ಲ ಹಚ್ಚಿ ಸವೆಸಿಬಿಟ್ಟರು,
ಅದಕ್ಕೇ ನಾಲ್ಕನೆಯದರಿಂದ ಶುರು.
ನಗು ಬಂತು.
ನಮ್ಮ ಕಸುಬಿನಲ್ಲೂ ಡಬ್ಬಿಯ ಮೇಲೆ ‘ಅಪ್ಪಟ ಬಿಳಿ’ ಎಂದಿದ್ದರೆ
ಮುಚ್ಚಳ ಏಳುವವರೆಗೆ ಯಾರೂ ನಂಬುವುದಿಲ್ಲ.

ಮೂವತ್ತೊಂದು ವರ್ಷ ಗೋಡೆಗೆ ಬಣ್ಣ ಬಳಿದವನು ನಾನು.
ಸುಣ್ಣದ ಬಿಳಿ ಗೊತ್ತು, ಮೊಟ್ಟೆಚಿಪ್ಪಿನದು ಗೊತ್ತು,
ಆಸ್ಪತ್ರೆಗೆಂದು ನೀಲಿ ಹನಿಸಿದ್ದು ಗೊತ್ತು,
ಬಾಡಿಗೆಯವರು ಮನೆ ಬಿಡುವ ಹಿಂದಿನ ರಾತ್ರಿ
ಮೊಳೆಯ ತೂತು ಮುಚ್ಚಲು ತರುವ ಅಗ್ಗದ ಬಿಳಿಯೂ ಗೊತ್ತು.
ಆದರೂ ಈ ಐದರ ಮುಂದೆ ಕಣ್ಣು ತಡವರಿಸಿತು.
ಡಿ, ನೀರು; ನೀರಿಗಿಂತ ಏನೋ ಕಡಿಮೆ.
ಎಫ್ ಬೇರೆಯೇ ಕಂಡಿತೆಂದು ಮರ್ಯಾದೆಗೆ ತಲೆಯಾಡಿಸಿದೆ.
ಎಚ್ ಹತ್ತಿರ ಒಂದು ಅನುಮಾನ,
ಪಕ್ಕದ ಕೋಣೆಯಲ್ಲಿ ಯಾರೋ ಮೇಣದಬತ್ತಿ ಹಚ್ಚಿದ ಹಾಗೆ.
ಜೆಗೆ ಬಂದರೆ, ಬಾಗಿಲು ಚೂರು ಸರಿದಿದೆ.
ಎಂ ಆಗಲೇ ಬತ್ತಿ ಹಿಡಿದು
ಮೇಜಿನ ಬಳಿ ಕೂತಿತ್ತು.

ಡಿಯ ಬೆಲೆ ನನ್ನ ವ್ಯಾನು, ಏಣಿಗಳ ಸಮೇತ.

ಆಮೇಲೆ ಜೆ ಒಂದನ್ನು ಬಿಟ್ಟು ನಾಲ್ಕನ್ನೂ ಎತ್ತಿಟ್ಟ,
ಅದನ್ನು ಮಗುಚಿ ಮುಖ ಮೇಲಾಗಿ ಕೂರಿಸಿದ.
ಈಗ ಹೇಳು.

ಬೆಳ್ಳಗಿತ್ತು.

ಮೆರ್ಕ್ಸೆಮ್‌ನಲ್ಲಿ ರೈನ್‌ಹಿಲ್ದೆಯ ಅಪ್ಪನ ಕೋಣೆ.
ಮುದುಕ ನಲವತ್ತು ವರ್ಷ ಚುಟ್ಟಾ ಸೇದಿ
ಕಳೆದ ಮಾಗಿಯಲ್ಲಿ ಹೊರಟುಹೋಗಿದ್ದ.
ಬಣ್ಣಕ್ಕೆಂದು ಗಡಿಯಾರ ಇಳಿಸಿದೆ ನೋಡಿ,
ಗೋಡೆಯಲ್ಲಿ ತಟ್ಟೆಯಗಲದ ಒಂದು ಬಿಳಿ
ಹುಣ್ಣಿಮೆಯಷ್ಟು ನಿರ್ದಯವಾಗಿ ಕಣ್ಣು ಬಿಟ್ಟಿತು.
ಕೋಣೆಯೆಲ್ಲ ಒಂದೇ ಕ್ಷಣಕ್ಕೆ ಹಳದಿ.
ಅವಳು ಮಂಚದ ಮೇಲೆ ಕುಸಿದಳು:
ಇಷ್ಟು ವರ್ಷ ಇದು ಬಿಳಿ ಅಂತಲೇ ಅಂದುಕೊಂಡಿದ್ದೆ.
ನಾನು ಬ್ರಷ್ಷು ಕೆಳಗಿಟ್ಟೆ,
ಗಡಿಯಾರವನ್ನು ಅದೇ ಮೊಳೆಗೆ ತೂಗುಹಾಕಿದೆ.
ಅವತ್ತಿನ ಕೂಲಿ ಕೇಳಲಿಲ್ಲ. ಅವಳು ಕಾಫಿ ಮಾಡಿದಳು.
ಆ ಕೋಣೆಗೆ ಇವತ್ತಿಗೂ ಬಣ್ಣ ಆಗಿಲ್ಲ.

ಇದನ್ನೆಲ್ಲ ಅರ್ಶಾಕ್‌ಗೆ ಹೇಳಲಿಲ್ಲ,
ಜೆ ಕೊಡು ಎಂದೆ, ಅಷ್ಟೇ.
ಅವನಿಗೇ ಮನಸ್ಸು ತಡೆಯದೆ:
ಅಕ್ಕನದೋ ಗೆಳತಿಯದೋ ಬೆರಳು ಪಕ್ಕಕ್ಕೆ ಬಂದರೆ ಗೊತ್ತಾಗುತ್ತೆ, ಆಮೇಲೆ ಬೈಬೇಡ.
ಬರಲಿ, ಎಂದೆ. ಅಕ್ಕ ಓಸ್ಟೆಂಡಿನಲ್ಲಿದ್ದಾಳೆ,
ವರ್ಷಕ್ಕೊಮ್ಮೆ ಬರುತ್ತಾಳೆ, ಕೈಗವಸು ತೆಗೆಯುವುದಿಲ್ಲ.

ಹಾಗಾದರೆ ಪ್ಲಾಟಿನಂ ಬೇಡ, ಹಳದಿ ಚಿನ್ನದಲ್ಲಿ ಕೂರಿಸೋಣ,
ಹಳದಿಯ ಮಾನ ಹಳದಿಯೇ ಕಾಯುತ್ತದೆ.
ಅವಳೇನಾದರೂ ಒಲ್ಲೆ ಎಂದರೆ ಹದಿನಾಲ್ಕು ದಿನ,
ರಸೀದಿ ಜೋಪಾನ.

ಬೂದು ಬಟ್ಟೆ ತೆಗೆದ.
ಇಟ್ಟಿಗೆಗೆಂಪು ಅಲ್ಲೇ ಇತ್ತು,
ಮೂರು ಮಹಡಿ ಇಳಿಯುವಷ್ಟು ಹೊತ್ತೂ
ಉಗುರಿನಿಂದ ಅದನ್ನು ಕೆರೆಯುತ್ತ ಬಂದೆ.