ಹೊಟ್ಟೆಗೆ ತಗುಲುವ ಗುಂಡಿ

ಮೂರು ಯಂತ್ರ ತಂದಿದ್ದ ಮಾರುವವನು
ಗ್ದಿನಿಯಾ ಬಂದರಿನ ಮೀನಿನ ಗೋದಾಮಿಗೆ.
ಎತ್ತರ, ಟನ್ನು, ಬ್ಯಾಟರಿ, ಎಲ್ಲ ಬಾಯಿಪಾಠ.

ಬೊಗುಮಿಲಾ ಕಿವಿಗೊಡಲಿಲ್ಲ.
ಹೆರಿಂಗ್ ಪೀಪಾಯಿಗಳ ನಡುವಿನ ಓಣಿಯನ್ನು
ಬೂಟಿನಲ್ಲೇ ಅಳೆದಳು: ಏಳೂವರೆ.
ದೊಡ್ಡದು ಇಲ್ಲಿ ತಿರುಗುವುದಿಲ್ಲ, ಒಯ್ಯಿ.
ಎರಡನೆಯದು ಉಪ್ಪುನೀರ ನೆಲದಲ್ಲಿ ಜಾರಿತು.

ಮೂರನೆಯದರ ಹಿಡಿ ತಗ್ಗಿಸಿ,
ಬೇಕೆಂದೇ ಗೋಡೆಗೆ ಬೆನ್ನು ಕೊಟ್ಟು,
ಮೈಮೇಲೆ ಬರಮಾಡಿಕೊಂಡಳು.
ಕೆಂಪು ಗುಂಡಿ ಹೊಟ್ಟೆಗೆ ತಗುಲಿದ್ದೇ ತಡ
ಬೆಚ್ಚಿದಂತೆ ಹಿಂದೆ ಸರಿದು
ಗೇಣು ದೂರದಲ್ಲಿ ನಿಂತಿತು.

ಇನ್ನೊಮ್ಮೆ ಮಾಡಿದಳು. ಮತ್ತೂ ಒಮ್ಮೆ.

ಇಪ್ಪತ್ತಾರು ವರ್ಷ ಈ ಗೋಡೆಗಳ ನಡುವೆ
ನನಗೆ ತಗುಲಿ ಹಿಂದೆ ಸರಿದದ್ದು
ಇದೊಂದೇ ನೋಡು, ಎಂದಳು.
ಮಾರುವವನು ನಗಬೇಕೋ ಬೇಡವೋ ತಿಳಿಯದೆ
ಪೆನ್ನು ಹುಡುಕಿದ.

ಬರೆದುಕೋ, ಇದೇ.
ರಾತ್ರಿ ಚಾರ್ಜಿಗೆ ನಾನೇ ಹಾಕುತ್ತೇನೆ,
ವಾಲ್ಡೆಕ್ ಮರೆಯುತ್ತಾನೆ.